ವಂಡ್ಸೆಯ ಜೇನು

ಬ್ರಹ್ಮಾವರದ ಸಂತೆಯಲ್ಲಿ ನಾನು ಜೇನು ಮಾರಲು ಕೂತಿದ್ದೆ. ಮೀನು ಮಾರಿ ಮುಗಿಸಿದ ಹೆಂಗಸೊಬ್ಬರು ಖಾಲಿ ಬುಟ್ಟಿ ಕೆಳಗಿಟ್ಟು, "ಹ್ವಾಯ್, ಕಾಡ್ ಜೇನ್ ಇತ್ತಾ?" ಎಂದರು.

ಮೊದಲು ಕೈಗೆ ಸಿಕ್ಕಿದ್ದು ತಿಳಿಬಣ್ಣದ ಬಾಟಲಿ. ಅವರ ಅಂಗೈಗೆ ಒಂದು ಹನಿ ಬಿಟ್ಟೆ. ನೆಕ್ಕಿ ನೋಡಿ, "ಸೀ ಇತ್ತ್, ಅಷ್ಟೇ," ಎಂದರು.

"ಅದ್ ರಬ್ಬರ್ ತೋಟದ್ದ್ ಅಕ್ಕ. ಹುಳಕ್ಕೆ ಅಲ್ಲಿ ಬೇರೆಂತದೂ ಸಿಕ್ಕುದಿಲ್ಲ. ಯಾವಾಗ ತೆಗೆದ್ರೂ ಒಂದೇ ರುಚಿ."

ಆಮೇಲೆ ಶಂಕರನಾರಾಯಣದ ಕಾಡಂಚಿನ ಕಪ್ಪು ಜೇನು ಕೊಟ್ಟೆ. ನೇರಳೆ, ಮತ್ತಿ, ಹೆಸರು ಗೊತ್ತಿಲ್ಲದ ಬಳ್ಳಿಗಳು, ಎಲ್ಲದರ ಹೂವೂ ಅದರಲ್ಲಿದೆ. ಬರುವ ವರ್ಷವೂ ಹೀಗೇ ಇರುತ್ತದೆ ಎನ್ನಲಾರೆ ಎಂದೆ.

ಅದು ನಾಲಿಗೆಗೆ ತಾಗಿದ್ದೇ ಅವರು ಅಂಗೈಯನ್ನು ಮತ್ತೊಮ್ಮೆ ನೆಕ್ಕಿದರು. "ಕಡಿಗೆ ಚೂರ್ ಕಹಿ ಬತ್ತಲ್ಲ, ಅದೇ. ನಮ್ಮ್ ಅಪ್ಪಯ್ಯ ಗುಡ್ಡಿಂದ ತಂದ ಜೇನ್ ಹೀಂಗೇ ಇದ್ದಿತ್ತ್. ಮದಿ ಆಯಿ ಕಿರಿಮಂಜೇಶ್ವರಕ್ಕೆ, ಗಂಡನ್ ಮನಿಗೆ ಬಂದ್ ಮೇಲೆ ಕಂಡದ್ದೇ ಇಲ್ಲ."

"ತವರು ಎಲ್ಲಿ ಅಕ್ಕ?"

"ವಂಡ್ಸೆ."

ನಾನು ಸುಮ್ಮನಿರಬಹುದಿತ್ತು. ಆ ರಬ್ಬರ್ ಜೇನು ಬಂದದ್ದೇ ವಂಡ್ಸೆಯಿಂದ ಎಂದುಬಿಟ್ಟೆ. ಯಾವ ಗುಡ್ಡೆ ಎಂದು ಕೇಳಿದರು. ಹೇಳಿದೆ. ಅದು ಅವರ ತವರುಮನೆಯ ಹಿಂದಿನ ಗುಡ್ಡೆ. ಅವರಪ್ಪ ಜೇನು ಕೀಳುತ್ತಿದ್ದ ಕಾಡಿದ್ದಲ್ಲಿ ಈಗ ರಬ್ಬರ್ ನಿಂತಿದೆ.

ಅವರು ತಿಳಿಬಣ್ಣದ ಬಾಟಲಿಯನ್ನು ಬಿಸಿಲಿಗೆ ಹಿಡಿದು ತುಂಬ ಹೊತ್ತು ನೋಡಿದರು. ಕೊನೆಗೆ ಅದನ್ನೇ ಬುಟ್ಟಿಗೆ ಹಾಕಿಕೊಂಡರು.

"ಕಹಿ ಇಲ್ದಿರೂ ಅಡ್ಡಿಲ್ಲ. ನಮ್ಮೂರಿದ್ದಲ್ದಾ."

ಈಗ ಯಾವ ಜೇನು ಒಳ್ಳೆಯದು ಎಂದು ಯಾರಾದರೂ ಕೇಳಿದರೆ ನನಗೆ ಥಟ್ಟನೆ ಉತ್ತರ ಬರುವುದಿಲ್ಲ. ವ್ಯಾಪಾರಕ್ಕೆ ಇದು ಒಳ್ಳೆಯ ಲಕ್ಷಣವಲ್ಲ.