ಹಿತ್ತಲ ಬಾವಿಯ ಮರಲ

ಮೀನು ತಿನ್ನದವನು ಮೀನು ಹಿಡಿಯಲು ಯಾಕೆ ಹೋಗುತ್ತಿದ್ದೆ ಎಂದು ಕೇಳಿದರೆ ಇವತ್ತಿಗೂ ನನ್ನ ಬಳಿ ಉತ್ತರವಿಲ್ಲ. ಕೊರಳಲ್ಲಿ ಲಿಂಗ, ಕೈಯಲ್ಲಿ ಗಾಳ. ನಿಜಾಮರ ಕಾಲದಲ್ಲಿ ಔರಾದದ ಉರ್ದು ಶಾಲೆಯ ಮಾಸ್ತರ ನಾನು, ಊರ ಮಕ್ಕಳಿಗೆಲ್ಲ ಬುದ್ಧಿ ಹೇಳುವವನು. ಶುಕ್ರವಾರದ ರಜೆ ಬಂತೆಂದರೆ ನನ್ನ ಬುದ್ಧಿ ಮಾತ್ರ ಭಾಲ್ಕಿ ದಾರಿಯ ಗುಡ್ಡದ ಕೆರೆಯಲ್ಲಿರುತ್ತಿತ್ತು.

ಆ ಚಟ ಹತ್ತಿಸಿದವನು ಕುದುರೆಗಳಿಗೆ ಲಾಳ ಹೊಡೆಯುವ ನನ್ನ ನೆರೆಮನೆಯ ಗೆಳೆಯ. ಗಾಳಗಳನ್ನು ತಾನೇ ಕಾಯಿಸಿ ಬಗ್ಗಿಸುತ್ತಿದ್ದ. ದಾರಕ್ಕೆ ಜೋಳದ ದಂಟಿನ ತೇಲುಬೆಂಡು ಕಟ್ಟುವುದು ನನ್ನ ಕೆಲಸ. ನಮಗೆ ಬೇಕಾದದ್ದು ಮರಲ, ಹಾವಿನ ತಲೆಯ ಕರಿ ಮೀನು. ಮಳೆಗಾಲದಲ್ಲಿ ಅದು ಕೆಂಪು ಮರಿಗಳ ಹಿಂಡು ಕಾಯುತ್ತ ದಡದ ಹುಲ್ಲಿನಲ್ಲಿ ನಿಂತಿರುತ್ತಿತ್ತು. ಆಗ ಅವನು ಗಾಳ ಹಾಕಗೊಡುತ್ತಿರಲಿಲ್ಲ.

"ಮರಿ ಕಾಯೋ ಜೀವಕ್ಕ ಗಾಳ ಹಾಕಿದ್ರ ಪಾಪ ರೀ ಮಾಸ್ತರ."

"ಮರಿ ದೊಡ್ಡವಾದ ಮ್ಯಾಲ ಹಿಡದ್ರ ಪುಣ್ಯ ಏನು?" ಎಂದರೆ ನಗುತ್ತಿದ್ದ.

"ಸಾಲಿ ಕಲ್ತವರ ಸಂಗಡ ಮಾತಾಡಬಾರದು ನೋಡ್ರಿ."

ಚಳಿಗಾಲದಲ್ಲಿ ಬಿಸಿಲೇರಿದ ಮೇಲೆಯೇ ಬೆಂಡು ಅಲುಗುತ್ತಿತ್ತು. ಬೇಸಿಗೆಯಲ್ಲಿ ನೀರಿಳಿದು ಮೀನುಗಳೆಲ್ಲ ಒಂದೇ ಗುಂಡಿ ಸೇರುತ್ತಿದ್ದವು. ಹಿಡಿದದ್ದನ್ನೆಲ್ಲ ಅವನ ಬುಟ್ಟಿಗೆ ಹಾಕಿ, ಕೈ ತೊಳೆದು, ಏನೂ ಅರಿಯದವನಂತೆ ಮನೆಗೆ ಬರುತ್ತಿದ್ದೆ.

ಒಂದು ಚಳಿಗಾಲ ಅವನಿಗೆ ಜ್ವರ. ಒಬ್ಬನೇ ಹೋದೆ, ಗೇಣುದ್ದದ ಮರಲ ಬಿತ್ತು. ತಿರುಗಿ ನೀರಿಗೆ ಬಿಡಬೇಕಿತ್ತು. ಯಾವ ಗಳಿಗೆಯೋ ಏನೋ, ಕೊಡದಲ್ಲಿ ನೀರು ತುಂಬಿ ಅದರಲ್ಲಿ ಹಾಕಿಕೊಂಡು ಬಂದು ನಮ್ಮ ಹಿತ್ತಲ ಬಾವಿಗೆ ಬಿಟ್ಟೆ. ಅವ್ವ ಮೂರು ದಿನ ನನ್ನೊಡನೆ ಮಾತು ಬಿಟ್ಟಳು. ನಾಲ್ಕನೆಯ ದಿನ ನೋಡಿದರೆ ಬಾವಿಯ ಮೆಟ್ಟಿಲ ಮೇಲೆ ಕೂತು ರೊಟ್ಟಿ ಚೂರು ಹಾಕುತ್ತಿದ್ದಳು. "ಹೊಟ್ಟಿ ತುಂಬತೇನೋ ನಿಂದು?" ಎಂದು ಬೇರೆ ಕೇಳುತ್ತಿದ್ದಳು. ಅದು ಬಾವಿಯ ಕಪ್ಪೆಗಳನ್ನು ತಿಂದು ಬದುಕುತ್ತದೆ ಎಂದು ಹೇಳುವ ಧೈರ್ಯ ನನಗಾಗಲಿಲ್ಲ.

ಮುಂದಿನ ಬೇಸಿಗೆಗೆ ಕೆರೆ ಪೂರ್ತಿ ಬತ್ತಿತು. ಅದೇ ದಿನಗಳಲ್ಲಿ ಗೆಳೆಯನ ಹೆಂಡತಿ ಹೆತ್ತಳು. ನೆತ್ತರು ಬಹಳ ಹೋಗಿತ್ತು. ಏನು ತಿಂದರೂ ವಾಂತಿ, ಕೂಸಿಗೆ ಹಾಲಿಲ್ಲ. ಮರಲದ ಸಾರು ಕುಡಿಸದಿದ್ದರೆ ಉಳಿಯುವುದು ಕಷ್ಟ ಎಂದರು ಹಕೀಮರು. ಅವನು ಎರಡು ದಿನ ಕೆರೆಯ ಕೆಸರು ಅಗೆದು, ಬರಿಗೈಯಲ್ಲಿ ಬಂದು ನಮ್ಮ ಹಿತ್ತಲ ಕಟ್ಟೆಯ ಮೇಲೆ ಕೂತ.

"ಏನೂ ಸಿಗಲಿಲ್ರಿ" ಎಂದ. ಬಾವಿಯಲ್ಲಿ ಮೀನಿರುವುದು ಅವನಿಗೆ ಗೊತ್ತಿತ್ತು. ಆದರೂ ಅತ್ತ ನೋಡಲಿಲ್ಲ, ಕೇಳಲೂ ಇಲ್ಲ.

ನನ್ನ ತಲೆ ಮೊಸರುಗಡಿಗೆಯಾಯಿತು. ವರ್ಷಗಟ್ಟಲೆ ಇವನ ಬುಟ್ಟಿ ತುಂಬಿದವನಿಗೆ ಈ ಒಂದು ಮೀನು ಕೊಡಲು ಏನು ಧಾಡಿ? ಸಾಯುತ್ತಿರುವ ಬಾಣಂತಿಯ ಮುಂದೆ ಮೀನಿನ ಮೇಲೆ ಇದೆಂಥ ದಯೆ? ಇದು ದಯೆಯೇ ಆಗಿದ್ದರೆ ಕೆರೆಯ ಮೀನುಗಳನ್ನೆಲ್ಲ ಯಾಕೆ ಕೊಟ್ಟೆ? ನಾಚಿಕೆಯಾಯಿತು, ನನ್ನ ಮೇಲೆ ನನಗೇ ಸಿಟ್ಟು ಬಂತು. ಆದರೂ ಅವನ ಪಕ್ಕ ಕೂತೇ ಇದ್ದೆ.

ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದ ಅವ್ವ ಕೊಡ ಹಿಡಿದು ಹೊರಬಂದಳು. ಬಾವಿಯ ಮೆಟ್ಟಿಲಿಳಿದು ರೊಟ್ಟಿ ಚೂರು ಹಾಕಿದಳು. ದಿನದಂತೆ ಮೀನು ಕೈಯ ಹತ್ತಿರಕ್ಕೇ ಬಂತು. ಕೊಡವನ್ನು ನೀರಿಗೆ ಅದ್ದಿ ಎತ್ತಿದಳು. ಮೇಲೆ ಬಂದು ಅದನ್ನು ಗೆಳೆಯನ ಕೈಗಿಟ್ಟು, "ಲಗೂನ ಹೋಗಪಾ, ಬಾಣಂತಿ ಕಾಯ್ತಾಳ" ಎಂದಳು.

ನಾಲ್ಕನೆಯ ದಿನ ಬಾಣಂತಿ ಎದ್ದು ಕೂತಳು. ಕೂಸು ಹಾಲು ಕುಡಿಯಿತು. ಅವ್ವ ಹಿಗ್ಗುತ್ತಾಳೆ ಅಂದುಕೊಂಡು ಓಡಿಬಂದು ಹೇಳಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅಕಿ ಉಳದಳಲ್ಲ, ಭಾಳ ಚಲೋ ಆಯ್ತು. ಆದ್ರ ಮತ್ತೊಂದು ಜೀವ ಮನಿಗಿ ತರಬ್ಯಾಡೋ ಯಪ್ಪಾ. ನಂಬಿ ಬಂತದು. ಕರದಾಕಿ ನಾನು."