ಅಪ್ಪ ಹಂಚಿದ ರಕ್ತದ ವರದಿ

ಎರಡು ಸಾವಿರದ ಇಸವಿ ದಾಟಿದ ಹೊಸತು. ನಾನು ಲಕಮನಹಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದೆ. ಖಾಸಗಿ ಲ್ಯಾಬಿನವರು ಬಂದು ಅಲ್ಲಿ ಶಿಬಿರ ಹಾಕಿದರು. ವಂಶದಿಂದ ಬರುವ ರಕ್ತದೋಷ ಇದೆಯೇ ಎಂದು ನೋಡುವ ಪರೀಕ್ಷೆ. ಯಾರೂ ಒತ್ತಾಯ ಮಾಡಿರಲಿಲ್ಲ. ಹೊಸದೇನೇ ಬಂದರೂ ಮುಂದೆ ಹೋಗಿ ನಿಲ್ಲುವ ಚಟ ನನಗೆ, ತೋಳು ಚಾಚಿದೆ.

ದೋಷದ ಅಂಶ ನನ್ನಲ್ಲಿತ್ತು. ನನಗೇನೂ ಆಗುವುದಿಲ್ಲ, ಗಂಡನಿಗೂ ಅದೇ ಇದ್ದರೆ ಮಾತ್ರ ಮಕ್ಕಳಿಗೆ ಕಾಯಿಲೆ ಬರಬಹುದು ಎಂದರು ಡಾಕ್ಟರು. ವರದಿಯನ್ನು ಮನೆಯ ಕಪಾಟಿನಲ್ಲಿಟ್ಟು ಮರೆತೆ.

ಆಗ ನನಗೆ ವರ ಹುಡುಕುತ್ತಿದ್ದರು. ಫೋಟೊ, ಕುಂಡಲಿ, ಬಯೋಡಾಟಾ ಮೂರನ್ನೂ ಪ್ಲಾಸ್ಟಿಕ್ ಕವರಿಗೆ ಹಾಕಿ, ಬಂದ ನೆಂಟರ ಕೈಗೆಲ್ಲ ಒಂದೊಂದು ಕೊಟ್ಟು ಕಳಿಸುವುದು ನಮ್ಮಲ್ಲಿ ರೂಢಿ. ಅಪ್ಪನಿಗೆ ಇಂಗ್ಲಿಷ್ ಬಾರದು. ಕಪಾಟಿನಲ್ಲಿದ್ದ ಆ ವರದಿಯ ದಪ್ಪ ಕಾಗದ, ಒತ್ತಿದ ಬಣ್ಣದ ಸಿಕ್ಕಾ, ಡಾಕ್ಟರ ಸಹಿ ನೋಡಿ, ಮಗಳ ಆರೋಗ್ಯಕ್ಕೆ ಸಿಕ್ಕ ಸರ್ಟಿಫಿಕೇಟು ಎಂದುಕೊಂಡ. ನನ್ನನ್ನೊಂದು ಮಾತು ಕೇಳದೆ ಝೆರಾಕ್ಸ್ ಮಾಡಿಸಿ ಎಲ್ಲ ಕವರಿಗೂ ಸೇರಿಸಿದ.

ವರ್ಷವಾದರೂ ಒಬ್ಬರೂ ನೋಡಲು ಬರಲಿಲ್ಲ. ಕೊನೆಗೆ ಸಂಬಂಧ ಹೊಂದಿಸುವ ಬೈರಿದೇವರಕೊಪ್ಪದ ಕಾಕಾ ಬಾಯಿಬಿಟ್ಟರು.

"ಯವ್ವಾ, ಆ ರಕ್ತದ ಕಾಗದ ಯಾಕ ಹಚ್ಚಿದ್ರಿ? ಎಲ್ಲಾರೂ ಡಾಕ್ಟರ್ ಕಡೆ ಓದಿಸ್ಯಾರ. ನಿನ್ನಷ್ಟ ಅಲ್ಲ, ನಿನ್ನ ತಂಗೀನೂ ಬ್ಯಾಡ ಅನ್ನಾಕತ್ತಾರ."

ತಂಗಿಗೆ ಯಾರೂ ಸೂಜಿ ಚುಚ್ಚಿರಲಿಲ್ಲ. ನನ್ನ ರಕ್ತವೇ ಅವಳ ಮೇಲೂ ಚಾಡಿ ಹೇಳಿತ್ತು. ಅಪ್ಪನ ಮೇಲೆ ಕೂಗಾಡಿದೆ. "ಛಲೋ ಆಗ್ಲಿ ಅಂತ ಮಾಡಿದ್ನವ್ವಾ" ಎಂದು ತಲೆ ತಗ್ಗಿಸಿದ. ತಂಗಿ ಅವನಿಗೆ ಏನೂ ಅನ್ನಲಿಲ್ಲ, ನನ್ನ ಜೊತೆ ಮಾತು ಬಿಟ್ಟಳು. ಎದುರಿಗೇ ಕೂತು ಉಣ್ಣುತ್ತಿದ್ದೆವು, ಪಲ್ಯ ಬೇಕಾದರೂ ಅವ್ವನನ್ನು ಕೇಳುತ್ತಿದ್ದಳು. ತುಂಬಿದ ಮನೆಯಲ್ಲಿ ನಾನು ಒಂಟಿಯಾದೆ.

ಮುಂದೆ ಬೀದರ ಕಡೆಯಿಂದ ಅವಳಿಗೊಂದು ಸಂಬಂಧ ಬಂತು. ಅಷ್ಟು ದೂರ ನನ್ನ ಕವರು ಹೋಗಿರಲಿಲ್ಲ. ಅವಳ ಬಯೋಡಾಟಾ ಬರೆಯಲು ನನ್ನನ್ನೇ ಕೂರಿಸಿದರು. ಅಕ್ಕನಿದ್ದಾಳೆ ಎಂದರೆ ಅವಳ ಮದುವೆ ಯಾಕಾಗಿಲ್ಲ ಎಂದು ಕೇಳುತ್ತಾರೆ, ವಿಚಾರಿಸಲು ಬರುತ್ತಾರೆ. ಎಷ್ಟೋ ತಿಂಗಳ ನಂತರ ತಂಗಿ ನನ್ನತ್ತ ನೋಡಿ ಮಾತಾಡಿದಳು.

"ಅಕ್ಕಾ, ಒಬ್ಬಾಕೀನ ಮಗಳು ಅಂತ ಬರಿ."

ಬರೆದೆ. ಮದುವೆಯಲ್ಲಿ ಅವಳ ಗಂಡ ನಾನು ಯಾರೆಂದು ಕೇಳಿದಾಗ, "ನಮ್ಮ ಸೋದರತ್ತಿ ಮಗಳ್ರಿ" ಎಂದಳು. ಅವರು ಕೈಮುಗಿದರು, ನಾನೂ ಮುಗಿದೆ.

ಅವಳಿಗೀಗ ಇಬ್ಬರು ಮಕ್ಕಳು. ರಜೆಗೆ ಬಂದಾಗ ನನ್ನನ್ನು ಅತ್ತಿ ಎಂದು ಕರೆಯುತ್ತವೆ. ದೊಡ್ಡವ್ವ ಎಂದು ಕರೆಯಿರೋ ಎಂಬ ಮಾತು ನಾಲಿಗೆ ತುದಿಗೆ ಬರುತ್ತದೆ. ತಂಗಿ ನನ್ನ ಮುಖ ನೋಡುತ್ತಾಳೆ, ನಾನು ಅತ್ತಿ ಎಂಬ ಕರೆಗೇ ಓಗೊಡುತ್ತೇನೆ.