ನೀರೋ, ಕೊಬ್ಬೋ

ಮೈಲಾರಲಿಂಗಪ್ಪನ ಒಕ್ಕಲಿನ ಬಂಧುಗಳೇ, ಕಳೆದ ಕಾರ್ತಿಕದಲ್ಲಿ ನನ್ನ ಹೆಂಡತಿ ನೀಲವ್ವನಿಗೆ ಬೆನ್ನು ಹಿಡಿಯಿತು. ನಮ್ಮಕ್ಕ ಕ್ಯಾನ್ಸರಿನಿಂದ ಸತ್ತವಳು. ಅವಳದ್ದೂ ಬೆನ್ನುನೋವಿನಿಂದಲೇ ಶುರುವಾಗಿತ್ತು. ಹೀಗಾಗಿ ನನ್ನ ಎದೆ ಆಗಲೇ ಒಡೆದಿತ್ತು.

ನಾನು ಹಿರೇಹಡಗಲಿಯ ಕುರಿ ವ್ಯಾಪಾರಿ, ಯಾರನ್ನೂ ಸುಲಭಕ್ಕೆ ನಂಬುವವನಲ್ಲ. ಉಪ್ಪು ನೆಕ್ಕಿಸಿ, ಹೊಟ್ಟೆ ಬಿರಿಯುವಷ್ಟು ನೀರು ಕುಡಿಸಿ, ದಪ್ಪ ಕುರಿ ಎಂದು ಮಾರುವವರು ಸಂತೆಯಲ್ಲಿ ಬೇಕಾದಷ್ಟಿದ್ದಾರೆ. ಬೆನ್ನು ಒತ್ತಿ, ಒಳಗಿರುವುದು ನೀರೋ ಕೊಬ್ಬೋ ತಿಳಿಯದೆ ನಾನು ಮಾತು ಮುಗಿಸುವುದಿಲ್ಲ.

ಹರಪನಹಳ್ಳಿ ಮೇಲೆ ಬಸ್ಸಿನಲ್ಲಿ ದಾವಣಗೆರೆಗೆ ಹೋಗಿ ಎಂ.ಆರ್.ಐ. ಮಾಡಿಸಿದೆವು. ಅರ್ಧ ಗಂಟೆ ಆ ಕೊಳವೆ ಗಡಗಡ ಎಂದಿತು. ಕೊನೆಗೆ ಯಂತ್ರ ನಡೆಸುವ ಹುಡುಗಿ ನೀಲವ್ವನನ್ನು ಹೊರಗೆ ಕರೆತಂದು ಕೂರಿಸಿದಳು.

"ಎಲುಬಿನ್ಯಾಗ ಒಂದು ಬಿಳಿ ಕಲೆ ಕಾಣತೈತ್ರಿ. ಇನ್ನೊಂದು ಥರದ ಚಿತ್ರ ತಗೀಬೇಕು."

"ಒಂದೇ ಬೆನ್ನಿಗಿ ಎಷ್ಟು ಚಿತ್ರವ್ವ? ಮೊದಲಿನವು ಸುಳ್ಳೇನು?" ಎಂದೆ. ಹೆದರಿಸಿ ಹಣ ಕೀಳುವ ಆಟವೇ ಇದು ಎಂದು ಖಾತ್ರಿಯಾಯಿತು. "ಏಳು ನೀಲವ್ವ, ಬಸ್ಸಿಗಿ ಹೋಗೂನು."

ನೀಲವ್ವ ನೋವಿನಲ್ಲೇ ಗದರಿದಳು. "ಏಳುಕೋಟಿ ಅಂತ ಮೈಲಾರಪ್ಪನ್ನ ನೆನೀರಿ ಮೊದ್ಲು, ಆಮ್ಯಾಲ ಸಂಶೇ ಪಡ್ರಿ."

ಕಿಸೆಯಲ್ಲಿದ್ದ ಭಂಡಾರದ ಅರಿಸಿನದ ಪೊಟ್ಟಣ ಹಿಡಿದು ಮನಸ್ಸಿನಲ್ಲೇ ಕೇಳಿದೆ: ಮೈಲಾರಪ್ಪಾ, ಇವರು ಮೋಸಗಾರರಾದರೆ ನನ್ನನ್ನು ಹೊರಗೆ ನಡೆಸು. ಖರೇ ಇದ್ದರೆ ನನಗೆ ತಿಳಿಯುವ ಮಾತಿನಲ್ಲಿ ಹೇಳಿಸು.

ಹುಡುಗಿ ಹೇಳಿದಳು: "ಮೊದಲ್ನೇ ಚಿತ್ರದಾಗ ಕೊಬ್ಬು ಬೆಳ್ಳಗ ಕಾಣತೈತ್ರಿ. ಆದ್ರ ಅವ್ವಾರು ನೋವಿಗೆ ಅಲುಗ್ಯಾರ, ಅದು ಕೆಟ್ಟೈತಿ. ಎರಡನೇದ್ರಾಗ ನೀರೂ ಬೆಳ್ಳಗ, ಕೊಬ್ಬೂ ಬೆಳ್ಳಗ. ಈಗ ತಗ್ಯೋದ್ರಾಗ ಕೊಬ್ಬು ಕಪ್ಪಾಗಿ ನೀರಷ್ಟೇ ಬೆಳ್ಳಗ ಉಳೀತೈತಿ. ಕಲೆ ಕಪ್ಪಾದ್ರ ಅಂಜೋದೇನಿಲ್ಲ. ಉಳಿದ್ರ ಮುಂದ ನೋಡಬೇಕಾಗ್ತೈತಿ."

ನೀರೋ ಕೊಬ್ಬೋ ಎಂಬ ನನ್ನ ಸಂತೆಯ ಮಾತೇ ಅವಳ ಬಾಯಲ್ಲಿ ಬಂದಿತ್ತು. ಆದರೂ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಲ್ಲ! "ನಾ ಕುರಿ ವ್ಯಾಪಾರಿ ಅಂತ ನಿನಗ ಯಾರು ಹೇಳಿದ್ರು?" ಎಂದು ಕೇಳಿದೆ. ಗುರುತು ಹಿಡಿಯಲು ಅಂದು ಕಂಬಳಿಯೂ ನನ್ನ ಹೆಗಲ ಮೇಲಿರಲಿಲ್ಲ.

"ಹೌದೇನ್ರಿ? ನನಗ ಯಾರೂ ಹೇಳಿಲ್ಲ," ಎಂದು ನಕ್ಕಳು.

ನೀಲವ್ವ ಮತ್ತೆ ಒಳಗೆ ಹೋದಳು. ಆಮೇಲೆ ಡಾಕ್ಟರು ಕರೆದು ತೋರಿಸಿದರು. ಕಲೆ ಇದ್ದ ಜಾಗ ಕಪ್ಪಾಗಿತ್ತು. ಅದು ಕೊಬ್ಬು ತುಂಬಿದ ರಕ್ತನಾಳದ ಗಂಟು, ಕ್ಯಾನ್ಸರ್ ಅಲ್ಲ, ನೋವು ಕೆಳಗಿನ ಡಿಸ್ಕ್ ಜರುಗಿದ್ದರಿಂದ ಎಂದರು. ನಾನು ಮೂರು ಚಿತ್ರಗಳನ್ನೂ ಎರಡೆರಡು ಸಲ ತೋರಿಸಿಕೊಂಡೆ. ಆಮೇಲೆ ಅಲ್ಲೇ ಗೋಡೆಗೆ ಒರಗಿ ಗಳಗಳ ಅತ್ತೆ.

ನೀಲವ್ವ ಈಗ ಹಟ್ಟಿಯಲ್ಲಿ ಓಡಾಡುತ್ತಾಳೆ. ಸಂತೆಗೆ ಹೋದರೆ ನಾನು ಇಂದಿಗೂ ಬೆನ್ನು ಒತ್ತದೆ ಕುರಿ ಕೊಳ್ಳುವವನಲ್ಲ. ಮೈಲಾರಪ್ಪನನ್ನು ಮಾತ್ರ ಒಂದು ಸಲ ಒತ್ತಿ ನೋಡಿದ್ದಾಗಿದೆ, ಇನ್ನು ನೋಡುವುದಿಲ್ಲ.